ಅನ್ನಪೂರ್ಣಕ್ಕನಿಗೆ ಹಣ್ಣಷ್ಟೇ ಸಾಕು

ಅನ್ನಪೂರ್ಣಕ್ಕನಿಗೆ ಹಣ್ಣೆಂದರೆ ಜೀವ ಎಂದು ನಾನು ನಂಬಿದ್ದೆ. ನಿನ್ನೆ ಮೊನ್ನೆಯ ನಂಬಿಕೆಯಲ್ಲ, ಕಟಕೋಳದ ಸಾಲೆಗೆ ನಾವಿಬ್ಬರೂ ಬದಲಿಯಾಗಿ ಬಂದಾಗಿನಿಂದ ಇದ್ದದ್ದು. ಅವಳು ಕನ್ನಡ ಕಲಿಸುತ್ತಾಳೆ, ನಾನು ವಿಜ್ಞಾನ. ಪರೀಕ್ಷೆ ಮಾಡಿ ನೋಡದೆ ಯಾವುದನ್ನೂ ನಂಬಬೇಡಿ ಎಂದು ಮಕ್ಕಳಿಗೆ ಹೇಳಿ ಸಂಬಳ ತೆಗೆದುಕೊಳ್ಳುವವಳು ನಾನು. ಹೇಳುವವರ ಹಣೆಬರಹ ಹೀಗೇ ಇರುತ್ತದೆ.

ರಾಮದುರ್ಗದಿಂದ ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತೇವೆ. ಹೆಂಗಸರಿಗೆ ಪುಕ್ಕಟೆಯಾದ ಮೇಲೆ ಆ ಬಸ್ಸಿನಲ್ಲಿ ಕಾಲೂರಲು ಜಾಗವಿಲ್ಲ. ಮೊದಲು ಹತ್ತಿದವರು ಬ್ಯಾಗಿಟ್ಟು ಇನ್ನೊಬ್ಬರಿಗೆ ಸೀಟು ಹಿಡಿಯಬೇಕು. ಹೆಚ್ಚಾಗಿ ಹಿಡಿಯುವವಳು ಅವಳೇ. ಯಾರಾದರೂ ಕೂರಲು ಬಂದರೆ "ನಮ್ಮ ತಂಗಿ ಬರಾಕಿ ಅದಾಳ" ಎಂದು ಜಗಳಕ್ಕೆ ನಿಲ್ಲುತ್ತಾಳೆ. ಬಸ್ಸು ಊರು ದಾಟುವಷ್ಟರಲ್ಲಿ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಾಳೆ. ಅವಳ ಹಣೆಯ ವಿಭೂತಿ ನನ್ನ ಕುಪ್ಪಸಕ್ಕೆ ಹತ್ತಿರುತ್ತದೆ. ಸಾಲೆ ಮುಟ್ಟಿದ ಮೇಲೆ ಅವಳೇ ಸೆರಗಿನಿಂದ ಒರೆಸಿ ನಗುತ್ತಾಳೆ.

ಅವಳು ಮಠದ ಓಣಿಯ ಗಂಗಯ್ಯನವರ ಹೆಂಡತಿ. ನಾವು ಕೇರಿಯಿಂದ ಬಂದವರು; ಈಗ ಹೊಸ ಬಡಾವಣೆಯಲ್ಲಿ ಸ್ವಂತ ಮನೆಯಿದೆ, ನಡುಮನೆಯಲ್ಲಿ ಬುದ್ಧನ ಫೋಟೋ ಇದೆ. ಇದು ಅವಳಿಗೂ ಗೊತ್ತು, ನನಗೂ ಗೊತ್ತು. ಎಂದೂ ಮಾತಾಡಿದ್ದಿಲ್ಲ. ಮಾತಾಡುವ ಕಾಲ ಮುಗಿದಿದೆ ಎಂದು ನಾನು ತಿಳಿದಿದ್ದೆ. ವಚನದ ಪಾಠ ಮಾಡುವಾಗ ಅವಳ ಕಣ್ಣಲ್ಲಿ ನೀರು ಬರುತ್ತದೆ. ಪಕ್ಕದ ತರಗತಿಯಿಂದ ನಾನು ಕೇಳಿದ್ದೇನೆ, ನೋಡಿದ್ದೇನೆ. ಸುಳ್ಳು ನೀರಲ್ಲ ಅದು.

ಮಧ್ಯಾಹ್ನ ನಾವೆಲ್ಲ ಡಬ್ಬಿ ಬಿಚ್ಚಿ ಮೇಜಿನ ನಡುವೆ ಇಡುತ್ತೇವೆ. ಉಳಿದ ಮಾಸ್ತರರೆಲ್ಲ ಮೊದಲು ಕೈ ಹಾಕುವುದು ನನ್ನ ಡಬ್ಬಿಗೇ, ನನ್ನ ಅವ್ವ ಕೃಷ್ಣವ್ವ ಮಾಡುವ ಪುಂಡಿಪಲ್ಯ ಹಾಗಿರುತ್ತದೆ. ಅನ್ನಪೂರ್ಣಕ್ಕ ಮಾತ್ರ ಹಿಂದೆ ಸರಿಯುತ್ತಾಳೆ. "ನಂದು ಪಿತ್ತದ ಮೈ ನೋಡವಾ, ನಿಮ್ಮ ಖಾರ ತಡಿಯೂದಿಲ್ಲ. ನಂಗ ಹಣ್ಣ ಅಷ್ಟ ಸಾಕು." ಹೀಗಾಗಿ ಅವಳ ಪಾಲಿಗೆಂದೇ ನನ್ನ ಚೀಲದಲ್ಲಿ ಒಂದು ಬಾಳೆಹಣ್ಣೋ ಚಿಕ್ಕುವೋ ಇರುತ್ತಿತ್ತು. ಅದನ್ನು ಸೆರಗಿನಿಂದ ಚೆನ್ನಾಗಿ ಒರೆಸಿ ತಿನ್ನುತ್ತಿದ್ದಳು. ಮನೆಗೆ ಬಂದರೂ ಅಷ್ಟೇ. ಚಹಾ ಎಂದರೆ "ಈಗರ ಕುಡದ ಬಂದೇನಿ", ಅವಲಕ್ಕಿ ಎಂದರೆ "ಹೊಟ್ಟಿ ತುಂಬೇತಿ". ಅವಳ ಚಪ್ಪಲಿಯ ಸಪ್ಪಳ ಕೇಳಿದ ಕೂಡಲೇ ಅವ್ವ ಏನೂ ಕೇಳದೆ ತಟ್ಟೆಯಲ್ಲಿ ಒಂದು ಇಡೀ ಬಾಳೆಹಣ್ಣು ಇಟ್ಟು ತರುತ್ತಿದ್ದಳು. ಓದು ಬರಹ ಇಲ್ಲದ ನನ್ನವ್ವ ಬಂದವರ ಇಷ್ಟವನ್ನು ಎಷ್ಟು ಸರಿಯಾಗಿ ಹಿಡಿದಿದ್ದಾಳೆ ಎಂದು ನನಗೆ ಹೆಮ್ಮೆ.

ಅವಳ ಮನೆಯಲ್ಲಿ ನಾನು ತಿಂದ ಹೋಳಿಗೆಯ ಮಾತು ಬಿಡಿ. ಬೇಡ ಬೇಡವೆಂದರೂ ತುಪ್ಪ ಸುರಿಯುವ ಕೈ ಅವಳದು.

ಇಂಥದ್ದರಲ್ಲಿ ನಮ್ಮ ಮನೆಗೆ ಏರ್ ಫ್ರೈಯರ್ ಬಂತು. ಸವದತ್ತಿಯಲ್ಲಿ ಗ್ಯಾರೇಜು ಇಟ್ಟಿರುವ ನನ್ನ ಗಂಡ ಸದಾಶಿವನಿಗೆ ಡಾಕ್ಟರು ಎಣ್ಣೆ ಬಿಡಿಸಿದ್ದರು. ಎಣ್ಣೆಯಿಲ್ಲದ ಮಿರ್ಚಿ ತಿನ್ನುವ ಆಸೆಗೆ ಅವರು ಬೆಳಗಾವಿಯಿಂದ ಆ ಮಿಷನ್ನು ಹೊತ್ತು ತಂದರು. ಅದರಲ್ಲಿ ಬೆಂದ ಮಿರ್ಚಿಯನ್ನು ಒಂದು ಸಲ ಕಚ್ಚಿ, "ಇದನ್ನ ಟ್ಯೂಬಿಗೆ ಪ್ಯಾಚ್ ಹಾಕಾಕ ಇಟ್ಕೋಬಹುದು" ಎಂದು ಎದ್ದುಹೋದರು. ಮಿಷನ್ನು ಬಟ್ಟೆ ಹೊದ್ದು ಮೂಲೆ ಸೇರಿತು.

ಅದನ್ನು ಮತ್ತೆ ಎಬ್ಬಿಸಿದ್ದು ಅನ್ನಪೂರ್ಣಕ್ಕನ ಪೇರಲ ಹಣ್ಣು. ಅವಳ ಹಿತ್ತಿಲಲ್ಲಿ ಒಂದು ಪೇರಲ ಗಿಡವಿದೆ, ಚಳಿಗಾಲದಲ್ಲಿ ಎಲೆಗಿಂತ ಕಾಯಿ ಹೆಚ್ಚು. ಒಂದು ದಿನ ಸ್ಟೀಲಿನ ಡಬ್ಬಿ ತುಂಬ ಹಣ್ಣು ತಂದುಕೊಟ್ಟು, "ಮನ್ಯಾಗ ತೊಳದ ತಂದೇನಿ, ಮತ್ತ ನೀ ತೊಳಿಯಾಕ ಹೋಗಬ್ಯಾಡ" ಎಂದಳು. ಖಾಲಿ ಡಬ್ಬಿಯನ್ನು ತಿರುಗಿ ಕೊಡುವ ಪದ್ಧತಿ ನಮ್ಮ ಕಡೆ ಇಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು. ಹಣ್ಣು ಪ್ರಾಣ ಎನ್ನುವವಳಿಗೆ ಸಕ್ಕರೆ ಯಾಕೆ, ಅವಳ ಹಣ್ಣನ್ನೇ ಗರಿಗರಿ ಮಾಡಿ ಕೊಡೋಣ ಎಂದುಕೊಂಡೆ.

ಅದು ಒಳಗಿಟ್ಟು ಕೈ ತೊಳೆದುಕೊಳ್ಳುವ ಕೆಲಸವಲ್ಲ. ಮೊದಲ ಸಲ ಹೋಳುಗಳು ಒಳಗಿನ ಗಾಳಿಗೆ ಹಾರಿ, ಮೇಲಿನ ಕಾದ ಸುರುಳಿಗೆ ಅಂಟಿ ಕರಕಾದವು. ಮನೆಯೆಲ್ಲ ಹೊಗೆ. ಎರಡನೆಯ ಸಲ ಪೂರ್ತಿ ಮಾಗಿದ ಹಣ್ಣು ಹಾಕಿದೆ. ಜಾಳಿಗೆಗೆ ಅಂಟಿಕೊಂಡು, ಕೆರೆದು ತೆಗೆಯಬೇಕಾಯಿತು. ಆಮೇಲೆ ಗೊತ್ತಾಯಿತು. ಹಣ್ಣು ಇನ್ನೂ ತುಸು ಗಟ್ಟಿಯಿರಬೇಕು. ತೆಳ್ಳಗೆ, ಎಲ್ಲ ಒಂದೇ ದಪ್ಪಕ್ಕೆ ಹೆಚ್ಚಬೇಕು. ಅರಿವೆಯಲ್ಲಿ ಒತ್ತಿ ಪಸೆ ತೆಗೆದು, ಒಂದರ ಮೇಲೊಂದು ಬೀಳದಂತೆ ಹರಡಿ, ಹಾರದಂತೆ ಮೇಲೊಂದು ಸ್ಟೀಲಿನ ಜಾಲರಿ ಇಟ್ಟು, ಸಣ್ಣ ಶಾಖದಲ್ಲಿ ಬಹಳ ಹೊತ್ತು ಬಿಡಬೇಕು. ಹೊರಗೆ ತೆಗೆದಾಗ ಇನ್ನೂ ಮೆತ್ತಗೇ ಇರುತ್ತವೆ, ಕೆಟ್ಟಿತು ಎನಿಸುತ್ತದೆ. ಗಾಳಿಗೆ ಆರಿದ ಮೇಲೆಯೇ ಗರಿಗರಿ. ಬಿಸಿಯಿದ್ದಾಗ ಡಬ್ಬಿ ಮುಚ್ಚಿದರೆ ಬೆವತು ಎಲ್ಲ ಹಾಳು. ಮೇಲೆ ಚೂರು ಕರಿ ಉಪ್ಪು, ಹುರಿದ ಜೀರಿಗೆ ಪುಡಿ. ಹೆಚ್ಚಲು ಉಗರಗೋಳದ ಅಂಗಡಿಯೊಂದರಲ್ಲಿ ಕೊಂಡ ಒಂದು ಹತ್ಯಾರ ಇತ್ತು ನನ್ನ ಹತ್ತಿರ, ಹೋಳಿನ ಮೈಯೆಲ್ಲ ಅಲೆ ಅಲೆಯಾಗಿ ಬರುತ್ತಿತ್ತು. ಇಡೀ ರಾಮದುರ್ಗದಲ್ಲಿ ಅಂಥ ಪೇರಲ ಸಂಡಿಗೆ ನನ್ನೊಬ್ಬಳ ಮನೆಯದು.

"ಹಣ್ಣಿಗೂ ಸಂಡಿಗಿ ಮಾಡ್ಯಾಳ ನನ್ನ ಮಗಳು" ಎಂದು ಅವ್ವ ನಕ್ಕಳು. ಅದು ಯಾರಿಗೆ ಎಂದು ಕೇಳಿದಳು. ಅನ್ನಪೂರ್ಣಕ್ಕನಿಗೆ ಎಂದೆ. ಅವ್ವನ ನಗು ನಿಂತಿತು. ಅವತ್ತು ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅನ್ನಪೂರ್ಣಕ್ಕ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. "ಅಯ್ಯ ಶಿವನ, ಎಷ್ಟ ಛಂದ ಮಾಡೀಯ! ಮನಿಗೆ ಒಯ್ದ ಸಮಾಧಾನದಿಂದ ತಿಂತೇನಿ" ಎಂದು ಮುಚ್ಚಿ ಚೀಲದಲ್ಲಿಟ್ಟಳು. ಮುಂದಿನ ವಾರ ಡಬ್ಬಿ ಬೆಳಗಿಕೊಂಡು ಬಂತು, ಒಳಗೆ ಮತ್ತೆ ಪೇರಲ. "ಭಾಳ ಛಲೋ ಆಗಿದ್ದೂ ನೋಡ. ನಮ್ಮ ಶೀತಲ ಅಂತೂ ಬಿಡಲೇ ಇಲ್ಲ." ಶೀತಲ ಅವಳ ಮಗಳು, ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದಳು. ಬಸುರಿಯ ನಾಲಿಗೆಗೆ ಹಿಡಿಸಿತಲ್ಲ ಎಂದು ನಾನು ಹಿಗ್ಗಿದೆ. ಹೀಗೆ ವಾರ ವಾರ ನಡೆಯಿತು. ಅವಳ ಹಣ್ಣು ನಮ್ಮ ಮನೆಗೆ, ನನ್ನ ಸಂಡಿಗೆ ಅವಳ ಮನೆಗೆ. ರವಿವಾರ ನಸುಕಿನಲ್ಲೇ ಎದ್ದು ಹೆಚ್ಚಲು ಕೂರುತ್ತಿದ್ದೆ. ಗಂಡ ಬೈದುಕೊಂಡರು, "ಆ ಮಿಷನ್ ನನಗ ತಂದಿದ್ದೋ ಆ ಅಕ್ಕೋರಿಗೆ ತಂದಿದ್ದೋ?"

ಒಂದೇ ಒಂದು ವಿಚಿತ್ರ. ಮನೆಯಲ್ಲಿ ಉಳಿದ ಸಂಡಿಗೆ ಹಾಕಿಡುವ ದೊಡ್ಡ ಡಬ್ಬಿ ಕೆಳಗಿಳಿಯುತ್ತಲೇ ಇರಲಿಲ್ಲ. ಎಷ್ಟು ಕೊಟ್ಟರೂ, ಗಂಡ ಟಿವಿ ಮುಂದೆ ಕೂತು ಎಷ್ಟು ತಿಂದರೂ ಅರ್ಧ ತುಂಬಿರುತ್ತಿತ್ತು. ನನ್ನ ಕೈಗುಣ ಎಂದುಕೊಂಡೆ. ಹೊತ್ತು ಸಾಲದ ವಾರಗಳಲ್ಲಿ ಹೊಸದು ಮಾಡದೆ ಅದರಲ್ಲಿದ್ದದ್ದನ್ನೇ ತುಂಬಿ ಅನ್ನಪೂರ್ಣಕ್ಕನಿಗೆ ಕಳಿಸಿದ್ದೂ ಉಂಟು.

ಆ ಶನಿವಾರ ಸಾಲೆ ಬೇಗ ಬಿಟ್ಟಿತ್ತು. ಮನೆಗೆ ಬಂದರೆ ಹಿತ್ತಿಲ ಕಟ್ಟೆಯ ಮೇಲೆ ಅವ್ವನ ಜೊತೆ ಬಾಯವ್ವ ಕೂತಿದ್ದಳು. ಬಾಯವ್ವ ನಮ್ಮ ಹಳೆಯ ಕೇರಿಯ ಮುದುಕಿ, ಅವ್ವನ ಓರಗೆಯವಳು, ಮಠದ ಓಣಿಯಲ್ಲಿ ಎರಡು ಮೂರು ಮನೆಗಳ ದನದ ಕೊಟ್ಟಿಗೆ ಬಳಿಯುತ್ತಾಳೆ. ನನ್ನನ್ನು ನೋಡಿ ಅವ್ವ ತಟ್ಟನೆ ಸೆರಗನ್ನು ಮಡಿಲ ಮೇಲೆ ಎಳೆದುಕೊಂಡಳು. ಬಾಯವ್ವನಿಗೆ ಮುಚ್ಚಿಡುವ ಗರಜು ಏನಿತ್ತು? ಅವಳ ಮಡಿಲಲ್ಲಿ ಬಿಚ್ಚಿದ ಗಂಟು ಹಾಗೇ ಇತ್ತು. ಅದರಲ್ಲಿ ಅಲೆ ಅಲೆಯಾದ ಪೇರಲ ಸಂಡಿಗೆ.

"ತಗೋ ರೇಣವ್ವಾ, ತಿನ್ನ" ಎಂದು ಹಿಡಿ ತುಂಬ ಎತ್ತಿ ಚಾಚಿದಳು. "ಅನ್ನಪೂರ್ಣಕ್ಕೋರ ಕೊಟ್ಟಾರ. ವಾರ ವಾರ ಕೊಡತಾರ ಪಾಪ, ಭಾಳ ದೊಡ್ಡ ಮನಸಿನ ಹೆಂಗಸ. ಅವರ ಮನ್ಯಾಗ ಯಾರಿಗೂ ಸೇರೂದಿಲ್ಲಂತ. ನನಗರ ಹಲ್ಲೆಲ್ಲಿ ಅದಾವವಾ? ಒಂದೀಟ ಛಾದಾಗ ಅದ್ದಿ ತಿಂತೇನಿ, ಉಳದಿದ್ದ ನಿಮ್ಮವ್ವಗ ತಂದ ಕೊಡತೇನಿ."

ನಾನು ಕೈ ಚಾಚಿ ತೆಗೆದುಕೊಂಡೆ. ಬಾಯಲ್ಲಿ ಹಾಕಿಕೊಂಡೆ. ಗರಿಗರಿಯಾಗಿಯೇ ಇತ್ತು, ಆ ಹಾಳಾದ್ದು.

ಬಾಯವ್ವ ಹೋದ ಮೇಲೆ ಅವ್ವನ ಎದುರು ನಿಂತೆ. "ನಿನಗ ಗೊತ್ತಿತ್ತೇನವ್ವಾ?"

"ಡಬ್ಬಿ ಖಾಲಿ ಆಗೂದಿಲ್ಲಂತ ನೀನ ಅಂತಿದ್ದೆಲ್ಲ."

"ಅಂದ್ರ ನೀ ಅದನ್ನ ತಿರಗಿ ಡಬ್ಬಿಗೆ ಹಾಕತಿದ್ದಿ?"

"ಚೆಲ್ಲಾಕ ಬರತೈತೇನು? ತಿನ್ನೂ ಪದಾರ್ಥ."

"ಅವ್ವಾ, ನಾ ಅದನ್ನ ಮತ್ತ ಆಕಿಗೇ ಕಳಸೀನಿ!"

"ಕಳಸೀದಿ. ಅದು ಮತ್ತ ಬಾಯವ್ವನ ಕೂಡ ಬಂದೈತಿ. ನಾ ಏನ ಮಾಡ್ಲಿ?"

ನಗು ಬಂತು. ನಿಜವಾಗಿಯೂ ಬಂತು. ನಮ್ಮ ಊರಿನ ಬಸ್ಸಿಗಿಂತ ಹೆಚ್ಚು ತಿರುಗಾಡಿತ್ತು ನನ್ನ ಸಂಡಿಗೆ. ನಗುತ್ತಲೇ ಕೂತು ಅತ್ತೆ. ಅವ್ವ ಬೆನ್ನ ಮೇಲೆ ಕೈಯಿಟ್ಟಳು.

"ಆಕಿ ಛಾ ಯಾಕ ಕುಡಿಯೂದಿಲ್ಲ, ನಾ ಇಡೀ ಹಣ್ಣ ಯಾಕ ತರತೇನಿ, ಒಂದ ದಿನಾನೂ ನಿನಗ ತಿಳೀಲಿಲ್ಲೇನ ಯವ್ವಾ? ಹಣ್ಣಿಗೆ ಮುಟ್ಟಚಟ್ಟಿಲ್ಲ, ಮೈಲಿಗಿ ಇಲ್ಲ. ಸಿಪ್ಪಿ ಇರತೈತಿ. ನಮ್ಮ ಮಂದಿ ಕೈಯಾಗಿಂದ ಅವರ ಮಂದಿ ಮೊದಲಿಂದ ಹಣ್ಣ ತಗೋತಾರ."

"ಹೇಳಬೇಕಿತ್ತಿಲ್ಲ ನೀ."

"ನೀ ಅಕ್ಕಾ ಅಕ್ಕಾ ಅಂತ ಕುಣೀತಿದ್ದಿ. ಹೆಂಗ ಹೇಳ್ಲಿ?"

ಸಿಟ್ಟು ಬಂದಿದ್ದು ಅನ್ನಪೂರ್ಣಕ್ಕನ ಮೇಲಲ್ಲ ಮೊದಲು, ನನ್ನ ಮೇಲೆ. ತಟ್ಟೆಯಲ್ಲಿ ಇಡೀ ಬಾಳೆಹಣ್ಣು ಬರುವುದನ್ನು ಅಷ್ಟು ವರ್ಷ ನೋಡಿ ಹೆಮ್ಮೆಪಟ್ಟವಳು ನಾನು. ಅವಳು ಕೆಟ್ಟವಳಾಗಿದ್ದರೆ ಒಂದು ದೊಡ್ಡ ಜಗಳ ಮಾಡಿ ಹಗುರಾಗಬಹುದಿತ್ತು. ಅವ್ವ ಆಸ್ಪತ್ರೆಯಲ್ಲಿದ್ದಾಗ ರಜೆ ಹಾಕಿ ಹಗಲೆಲ್ಲ ಬಂದು ಕೂತವಳು ಅವಳೇ. ಅವ್ವನ ವಾಂತಿಯನ್ನು ಒರೆಸಿದ್ದಾಳೆ. ಅದಕ್ಕೆ ಹೇಸದ ಕೈಗೆ ಒಂದು ಪೇರಲ ಹೋಳು ಭಾರವಾಯಿತಲ್ಲ! ಇದನ್ನು ನಾನು ಯಾವ ಬುದ್ಧಿಯಿಂದ ತಿಳಿದುಕೊಳ್ಳಲಿ? ಆದರೂ ಒಂದು ಆಸೆ ಉಳಿದಿತ್ತು. ನನ್ನೆದುರು, ನನ್ನ ಮನೆಯಲ್ಲಿ, ಕಣ್ಣಲ್ಲಿ ಕಣ್ಣಿಟ್ಟು ಕೊಟ್ಟರೆ ಒಂದಾದರೂ ತಿಂದಾಳು. ಒಂದು ತಿಂದರೆ ಸಾಕು, ಹಿಂದಿನದೆಲ್ಲ ಬಿಟ್ಟುಬಿಡುತ್ತೇನೆ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡೆ.

ಮರುದಿನ ರವಿವಾರ ಅವಳೇ ಬಂದಳು. ಶೀತಲಳ ಕುಬುಸಕ್ಕೆ, ಬಸುರಿಗೆ ಉಡಿ ತುಂಬುವ ಕಾರ್ಯಕ್ಕೆ ಕರೆಯಲು ಕುಂಕುಮದ ಭರಣಿ ಹಿಡಿದು ಬಂದಿದ್ದಳು. ಇನ್ನೊಂದು ಕೈಯಲ್ಲಿ ಅದೇ ಸ್ಟೀಲಿನ ಡಬ್ಬಿ, ತುಂಬ ಪೇರಲ. ನನಗೆ, ಅವ್ವನಿಗೆ ಕುಂಕುಮ ಹಚ್ಚಿದಳು. "ಎಲ್ಲಾರಕಿಂತ ಮೊದಲ ನೀನ ಬರಬೇಕ. ಶೀತಲ ನಿನ್ನ ಕೈಲೆ ಉಡಿ ತುಂಬಿಸ್ಕೋಬೇಕಂತ ಕುಂತಾಳ" ಎಂದಳು. ಅವ್ವ ಬಾಳೆಹಣ್ಣು ತರಲು ಎದ್ದಳು. ನಾನು ಕಣ್ಣಲ್ಲೇ ತಡೆದೆ.

ಅವಳ ಡಬ್ಬಿಯಿಂದಲೇ ಒಂದು ಪೇರಲ ತೆಗೆದು ಕೊಟ್ಟೆ. "ತಿನ್ರಿ ಅಕ್ಕಾ." ಕೂಡಲೇ ಕಚ್ಚಿದಳು. ಮಗಳ ಬಯಕೆಗಳ ಬಗ್ಗೆ ಹೇಳುತ್ತ ಬೀಜ ಸಮೇತ ಮುಗಿಸಿದಳು.

ಇನ್ನೊಂದನ್ನು ಒಳಗೆ ಒಯ್ದು, ಅವಳಿಗೆ ಕೇಳುವಂತೆ ನಲ್ಲಿ ಬಿಟ್ಟು ತೊಳೆದು, ಹಸಿಯಾಗಿಯೇ ತಂದು ಕೈಯಲ್ಲಿಟ್ಟೆ. ಮಾತಿನ ನಡುವೆ ಅವಳ ಸೆರಗು ತಾನಾಗಿಯೇ ಮೇಲೆ ಬಂತು. ಒರೆಸಿದಳು. ತೊಟ್ಟಿನ ಸುತ್ತ ಒರೆಸಿದಳು, ಬುಡದ ಕುಳಿಯಲ್ಲಿ ಬೆರಳು ತೂರಿಸಿ ಒರೆಸಿದಳು. ಒಂದು ಹನಿ ಉಳಿಯದ ಮೇಲೆ ಕಚ್ಚಿದಳು. ಅಷ್ಟು ವರ್ಷ ಅದನ್ನು ಚೊಕ್ಕತನ ಎಂದು ನೋಡಿದ್ದೆ ನಾನು. ಅವಳು ಒರೆಸುತ್ತಿದ್ದದ್ದು ನಮ್ಮ ನೀರನ್ನು.

ಆಮೇಲೆ ಸಂಡಿಗೆಯ ತಟ್ಟೆ ತಂದು ಮುಂದಿಟ್ಟೆ. ಅವತ್ತೇ ಬೆಳಿಗ್ಗೆ ಮಾಡಿದ್ದು, ಜೀರಿಗೆಯ ವಾಸನೆ ಇನ್ನೂ ಮನೆಯಲ್ಲಿತ್ತು.

"ಅಯ್ಯ, ಇದನ್ನ ಮನಿಗೆ ಒಯ್ತೇನವಾ, ಸಮಾಧಾನದಿಂದ..."

"ಬ್ಯಾಡ್ರಿ ಅಕ್ಕಾ. ಬಾಯವ್ವಗ ಹಲ್ಲಿಲ್ಲ. ಛಾದಾಗ ಅದ್ದಿ ತಿಂತಾಳಂತ."

ಅವಳ ಮುಖ ನೋಡಲಾಗಲಿಲ್ಲ ನನಗೆ. ಗೆದ್ದ ಖುಷಿ ಆಗುತ್ತದೆಂದುಕೊಂಡಿದ್ದೆ, ಎಳ್ಳಷ್ಟೂ ಆಗಲಿಲ್ಲ. ಅವ್ವ ಒಳಗೆ ಹೋಗಿಬಿಟ್ಟಳು. ಅನ್ನಪೂರ್ಣಕ್ಕ ಕುಂಕುಮದ ಭರಣಿಯ ಮುಚ್ಚಳವನ್ನು ತಿರುವುತ್ತ ಕೂತಳು.

"ಹಣ್ಣ ನಿಮ್ಮ ಗಿಡದ್ದು" ಎಂದೆ. "ಎಣ್ಣಿ ಹಾಕಿಲ್ಲ, ಬೇಯಿಸಿಲ್ಲ. ಬರೇ ಬಿಸಿ ಗಾಳಿ. ಹಣ್ಣಿದ್ದಾಗ ನಡೀತಿತ್ತು. ಎಲ್ಲಿ ಕೆಟ್ಟಿತು ಹೇಳ್ರಿ. ಹತ್ಯಾರದಾಗ ಕೆಟ್ಟಿತೋ, ಮಿಷನ್ನಿನಾಗ ಕೆಟ್ಟಿತೋ, ನನ್ನ ಕೈಯಾಗ ಕೆಟ್ಟಿತೋ?"

"ನನಗೂ ಗೊತ್ತಿಲ್ಲವಾ ರೇಣು." ಅವಳ ಕಣ್ಣಲ್ಲಿ ನೀರು ಬಂದಿತ್ತು, ವಚನದ ಪಾಠಕ್ಕೆ ಬರುವಂಥದೇ. "ಸುಳ್ಳ ಹೇಳೂದಿಲ್ಲ. ಮನ್ಯಾಗ ಒಬ್ಬಾಕಿನ ಕುಂತ ಬಾಯಿತನಕ ಒಯ್ದೇನಿ. ಗಂಟಲದಾಗ ನಮ್ಮ ಅತ್ತಿ ನಿಂತಿರತಾರ. ಸತ್ತ ಎಷ್ಟ ದಿನಾ ಆತು, ಇನ್ನೂ ಹಾದಿ ಬಿಡೂದಿಲ್ಲ. ತಪ್ಪ ಅಂತ ನನಗೂ ತಿಳೀತೈತಿ."

"ಶೀತಲ ತಿಂದಳಂದ್ರಿ."

ಅವಳು ತಲೆಯೆತ್ತಲಿಲ್ಲ. "ಆಕಿ ಕೇಳಿದ್ಲು. ಬಸರಿ ಹೆಂಗಸಂತ... ನಾನ ಕೊಡಲಿಲ್ಲ."

ಅದನ್ನು ಕೇಳಬಾರದಿತ್ತು ನಾನು. ಬಯಸಿ ಕೇಳಿದ ಬಸುರಿಯ ಕೈಯಿಂದ ತಪ್ಪಿಸಿ ಕೊಟ್ಟಿಗೆಗೆ ಕಳಿಸಿದ್ದಳು. ಗಂಟಲಲ್ಲಿ ನಿಂತ ಅತ್ತೆಯ ಕೆಲಸವೆಂದು ಇದನ್ನೂ ಒಪ್ಪಿಕೊಳ್ಳಬೇಕೇ? ಇದು ಅವಳದೇ ಕೈ ಮಾಡಿದ ಕೆಲಸ. ಆದರೂ ತಟ್ಟೆಯನ್ನು ಇನ್ನೂ ಸ್ವಲ್ಪ ಅವಳ ಕಡೆಗೆ ಸರಿಸಿದೆ. "ಒಂದ ತಿನ್ರಿ" ಎಂದೆ. ಕೇಳಿಕೊಂಡೆ ಎನ್ನುವುದೇ ಸರಿ.

ಅವಳು ಒಂದು ಹೋಳು ಎತ್ತಿಕೊಂಡಳು. ಕಣ್ಣು ಮುಚ್ಚಿದಳು. ತುಟಿಯವರೆಗೆ ಒಯ್ದಳು. ತಿನ್ನು, ತಿನ್ನು ಎಂದು ನಾನು ಒಳಗೊಳಗೇ ಬೇಡುತ್ತಿದ್ದೆ. ಅವಳ ಗಂಟಲು ಒಮ್ಮೆ ಉಬ್ಬಿ ಇಳಿಯಿತು, ಓಕರಿಕೆ ಬಂದವರ ಹಾಗೆ. ಕೈ ಕೆಳಗಿಳಿಯಿತು. ಮುಷ್ಟಿ ಬಿಗಿಯಿತು, ಒಳಗೆ ಸಂಡಿಗೆ ಮುರಿದ ಸದ್ದು ಕೇಳಿತು.

"ಕುಬುಸಕ್ಕ ಬಾರವಾ" ಎಂದಷ್ಟೇ ಹೇಳಿ ಎದ್ದಳು. ಹೋಗುವಾಗ ಮುಷ್ಟಿ ಬಿಚ್ಚಿರಲಿಲ್ಲ. ಗೇಟಿನ ಆಚೆ ಎಲ್ಲಿ ಜಾಡಿಸಿದಳೋ ನಾನು ನೋಡಲಿಲ್ಲ.

ಅವಳ ಡಬ್ಬಿ ಟೀಪಾಯಿಯ ಮೇಲೆ ಉಳಿದಿತ್ತು. ಗಂಡ ಸಂಜೆ ಬಂದು ಒಂದು ಹಣ್ಣಿಗೆ ಕೈ ಹಾಕಿದರು. ಮುಟ್ಟಬೇಡಿ ಎಂದು ಚೀರಿದೆ. ಅವರು ಬೆರಗಾಗಿ ನೋಡಿದರು. ಅವ್ವ ಮೆಲ್ಲಗೆ, "ಡಬ್ಬಿ ಖಾಲಿ ಕೊಡಬ್ಯಾಡ ಮತ್ತ" ಎಂದಳು. "ಕೊಡೂದಿಲ್ಲ" ಎಂದೆ.

ಸೋಮವಾರ ಬಸ್ಸು ಹತ್ತಿದೆ. ಸೀಟು ಹಿಡಿದಿರಲಿಕ್ಕಿಲ್ಲ ಎಂದುಕೊಂಡಿದ್ದೆ, ಹಿಡಿದಿದ್ದಳು. ಯಾರೊಂದಿಗೋ ಜಗಳಾಡಿ ಹಿಡಿದಿದ್ದಳೆಂದು ನಿಂತ ಹೆಂಗಸಿನ ಮುಖ ನೋಡಿದರೆ ತಿಳಿಯುತ್ತಿತ್ತು. ಬ್ಯಾಗು ಎತ್ತಿಕೊಂಡು ಜಾಗ ಬಿಟ್ಟಳು. ಕೂತೆ. ಇಬ್ಬರಿಗೂ ನಿವೃತ್ತಿಗೆ ಇನ್ನೂ ವರ್ಷಗಳಿವೆ, ಬಸ್ಸು ಇದೊಂದೇ.

ಅವಳು ಅವತ್ತು ನಿದ್ದೆ ಮಾಡಲಿಲ್ಲ. ಹೆಗಲಿಗೆ ಹೆಗಲು ತಾಗದಂತೆ ಕೂತಿದ್ದವಳು ನಾನೋ ಅವಳೋ ಹೇಳಲಾರೆ. ಊರು ದಾಟಿದ ಮೇಲೆ ಚೀಲದಿಂದ ಡಬ್ಬಿ ತೆಗೆದು ಅವಳ ಮಡಿಲಲ್ಲಿಟ್ಟೆ. ಅದು ಭಾರವಾಗಿದ್ದದ್ದು ನೋಡಿ ಅವಳ ಮುಖದಲ್ಲಿ ಹೆದರಿಕೆ ಸುಳಿಯಿತು. ಮುಚ್ಚಳ ತೆಗೆದಳು. ಅವಳು ತಂದ ಹಾಗೆಯೇ, ಅವಳದೇ ಗಿಡದ ಪೇರಲ.

"ನಿಮ್ಮವ ಹಣ್ಣ ಅದಾವ್ರೀ ಅಕ್ಕಾ" ಎಂದೆ. "ತೊಳದಿಲ್ಲ. ನಮ್ಮ ಮನಿ ನೀರ ಹತ್ತಿಲ್ಲ. ತಿನ್ರಿ."

ಅವಳು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಟಕೋಳ ಬರುವವರೆಗೂ ಹಾಗೇ ಹಿಡಿದಿದ್ದಳು, ಮುಚ್ಚಳ ಮುಚ್ಚಲಿಲ್ಲ, ಒಂದನ್ನೂ ತಿನ್ನಲಿಲ್ಲ.